ಮೊದಲು ಕೇಳಿ, ಆಮೇಲೆ ಬೈಯಿರಿ

"ಅಯ್ಯೋ! ಮುಟ್ಟಬೇಡಿ ಅದನ್ನ!"

ಯಂತ್ರಗಳ ಕೋಣೆಯ ತಣ್ಣನೆಯ ಗಾಳಿಯನ್ನು ಸೀಳಿಕೊಂಡು ಹೋಯಿತು ಅವಳ ಕೂಗು.

ಕಬ್ಬಿಣದ ಕಪಾಟುಗಳ ಸಾಲಿನ ಕೊನೆಯಲ್ಲಿ, ನೀಲಿ ಪೆಟ್ಟಿಗೆಯ ಮುಂದೆ, ಹಿಂದೆಂದೂ ನೋಡಿರದ ಒಬ್ಬ ಮನುಷ್ಯ ಮಂಡಿಯೂರಿ ಕುಳಿತಿದ್ದ. ಅವನ ಎರಡು ಬೆರಳುಗಳ ನಡುವೆ ಹಳದಿ ಬಣ್ಣದ ಕೇಬಲ್. ಅದು ಯಾವ ಕೇಬಲ್ ಅಂತ ಅವಳು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲಳು. ಊರಿನ ಅರ್ಧಕ್ಕರ್ಧ ಫೋನುಗಳು ಮಾತಾಡುತ್ತಿದ್ದದ್ದೇ ಅದರೊಳಗೆ!

ಅವಳು ಅವನತ್ತ ಓಡಿದಳು.

"ಯಾರ್ರೀ ನೀವು? ಯಾರನ್ನ ಕೇಳಿ ಒಳಗೆ ಬಂದ್ರಿ? ಆ ಕೇಬಲ್ ಯಾಕೆ ಕಿತ್ರಿ? ನಿಮ್ಮ ಕಂಪನಿಯವರಿಗೆ ಎಷ್ಟು ಸಲ ಹೇಳೋದು?"

ಆತ ತಿರುಗಿಯೂ ನೋಡಲಿಲ್ಲ.

"ಮೇಡಂ, ನಾನು ಕಿತ್ತಿಲ್ಲ. ಇದರ ಕೊಂಡಿ ಮುರಿದಿದೆ. ತಾನಾಗೇ ಜಾರಿ ಬರ್ತಿತ್ತು, ಹಿಡ್ಕೊಂಡು ಕೂತಿದ್ದೀನಿ. ಹತ್ತು ನಿಮಿಷ ಆಯ್ತು, ಬೆರಳು ಮರಗಟ್ಟಿದೆ. ಬೈಯೋದನ್ನ ಆಮೇಲೆ ನಿಧಾನವಾಗಿ ಕೂತು ಬೈಯಿರಿ... ಮೊದಲು ಒಂದು ಕ್ಲಿಪ್ ಗಿಪ್ ಇದ್ರೆ ಕೊಡಿ!"

ಅವಳು ಹತ್ತಿರ ಹೋದಳು. ಬಗ್ಗಿ ನೋಡಿದಳು. ಹೌದು... ಪೆಟ್ಟಿಗೆಯ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಅಷ್ಟೂ ಜನರ ಮಾತು ಈ ಅಪರಿಚಿತನ ಎರಡು ಬೆರಳಿನ ಮೇಲೆ ನಿಂತಿತ್ತು!

ಬೇರೇನೂ ತೋಚದೆ ತಲೆಯಿಂದ ಕ್ಲಿಪ್ ಕಿತ್ತು ಕೊಟ್ಟಳು. ಕೂದಲು ಹೆಗಲ ಮೇಲೆ ಬಿಚ್ಚಿಕೊಂಡಿತು. ಆತ ಆ ಕಂದು ಬಣ್ಣದ ಪುಟ್ಟ ಕ್ಲಿಪ್ಪನ್ನು ಕೇಬಲ್ಲಿನ ಬುಡಕ್ಕೆ ಸಿಕ್ಕಿಸಿ, ಮೆಲ್ಲಗೆ ಬೆರಳು ಬಿಟ್ಟ. ದೀಪ ಕದಲಲಿಲ್ಲ.

ಆಮೇಲೆ ಎದ್ದು, ಕೈ ಕೊಡವಿಕೊಂಡು, ಮೊದಲ ಸಲ ಅವಳ ಮುಖ ನೋಡಿದ.

"ಹ್ಞಾಂ... ಈಗ ಶುರು ಮಾಡಿ. ಎಲ್ಲಿಗೆ ನಿಲ್ಲಿಸಿದ್ರಿ? ನಿಮ್ಮ ಕಂಪನಿಯವರಿಗೆ ಎಷ್ಟು ಸಲ ಹೇಳೋದು ಅಂತಿದ್ರಿ."

ಅವಳಿಗೆ ನಾಚಿಕೆ, ನಗು ಎರಡೂ ಒಟ್ಟಿಗೇ ಬಂದವು. "ಸಾರಿ... ನಾನು ಅಂದ್ಕೊಂಡೆ..."

"ಪರವಾಗಿಲ್ಲ. ಒಂದು ಒಪ್ಪಂದ ಮಾಡ್ಕೊಳ್ಳೋಣ. ಮುಂದಿನ ಸಲ ಮೊದಲು ಕೇಳಿ, ಆಮೇಲೆ ಬೈಯಿರಿ."

"ಆಯ್ತು. ಮೊದಲು ಕೇಳ್ತೀನಿ."

ಹೇಳುವುದು ಎಷ್ಟು ಸುಲಭ! ಆ ಮಾತಿಗೆ ತಾನೇ ತಪ್ಪುವ ದಿನ ಬರುತ್ತದೆ ಅಂತ ಅವಳಿಗೆ ಆಗ ಹೇಗೆ ಗೊತ್ತಾಗಬೇಕು?

*

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಅಲಾರಂ' ಅಂತ. ಫೋನ್ ಕಂಪನಿಯ ಎರಡನೇ ಮಹಡಿಯ ದೊಡ್ಡ ಕೋಣೆಯಲ್ಲಿ, ಗೋಡೆ ತುಂಬ ಪರದೆಗಳ ಮುಂದೆ ಕೂತು, ಯಾವ ಪೆಟ್ಟಿಗೆ ಎಲ್ಲಿ ನರಳಿತು, ಯಾವ ಟವರ್ ಎಲ್ಲಿ ಮಲಗಿತು ಅಂತ ಕಾಯುವುದು ಅವಳ ಕೆಲಸ.

ಕೆಲಸ ಕಷ್ಟದ್ದಲ್ಲ, ಕಿರಿಕಿರಿಯದು. ಯಾಕೆಂದರೆ ಆ ಜಾಲದ ಪೆಟ್ಟಿಗೆಗಳು ಒಂದೇ ಕಂಪನಿಯವಲ್ಲ. ಮೂರು ಕಂಪನಿಗಳವು. ನೀಲಿ, ಬೂದಿ, ಹಸಿರು. ಪೆಟ್ಟಿಗೆಯ ಬಣ್ಣವೇ ಅವುಗಳ ಕಂಪನಿಯವರಿಗೂ ಹೆಸರಾಗಿತ್ತು.

"ಮೂವರು ಸೊಸೆಯರಿರೋ ಮನೆ ಕಣಮ್ಮ ಇದು," ಅಂತ ಅವಳ ಮೇಲಧಿಕಾರಿ, ಎಲ್ಲರ ಬಾಯಲ್ಲಿ ಬರೀ 'ದೊಡ್ಡವರು', ಆಗಾಗ ಹೇಳುತ್ತಿದ್ದರು. "ಒಬ್ಬಳು ತಲೆನೋವು ಅಂದ್ರೆ ತಲೆನೋವೇ. ಇನ್ನೊಬ್ಬಳು ತಲೆನೋವು ಅಂದ್ರೆ ಪ್ರಾಣ ಹೋಗ್ತಿದೆ ಅಂತ ಅರ್ಥ. ಮೂರನೆಯವಳು ಬಿದ್ದು ಹೋಗೋ ತನಕ ಬಾಯೇ ಬಿಡಲ್ಲ. ಮೂವರ ಮಾತನ್ನೂ ಒಂದೇ ಭಾಷೆಗೆ ತಂದು ನನಗೆ ಹೇಳೋದು ನಿನ್ನ ಕೆಲಸ."

ಆವತ್ತು ಕೇಬಲ್ ಹಿಡಿದು ಕೂತಿದ್ದವನು ನೀಲಿ ಕಂಪನಿಯ ಇಂಜಿನಿಯರ್. ಹೊಸದಾಗಿ ಬಂದವನು. ಹಾಗಾಗಿ ಅವನೂ 'ನೀಲಿ'.

ಕ್ಲಿಪ್ಪಿನ ಪ್ರಸಂಗವಾದ ಮೇಲೆ ನೀಲಿ ಮಧ್ಯಾಹ್ನದ ಊಟದ ಡಬ್ಬಿ ಹಿಡಿದುಕೊಂಡು ಅವಳ ಮೇಜಿಗೇ ಬರತೊಡಗಿದ.

"ಏನ್ರೀ ಅಲಾರಂ, ನನ್ನ ಪೆಟ್ಟಿಗೆ ಬಗ್ಗೆ ಇವತ್ತು ಏನು ದೂರು?"

"ಬೆಳಿಗ್ಗೆಯಿಂದ ಕೆಮ್ಮುತ್ತಿದೆ."

"ಕೆಮ್ಮಲ್ಲ ಅದು, ನಿಮ್ಮನ್ನ ನೋಡಿ ಗಂಟಲು ಸರಿ ಮಾಡ್ಕೊಳ್ತಿದೆ."

"ಥೂ! ಸುಮ್ನೆ ಊಟ ಮಾಡಿ."

ಹೀಗೇ ಮೂರು ತಿಂಗಳು. ಅವನು ಬಾರದ ದಿನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಅನ್ನುವುದು ಅವಳಿಗೆ ಅರ್ಥವಾಗಿತ್ತು. ಅವನಿಗೂ ಹಾಗೇನಾ? ಕೇಳುವ ಧೈರ್ಯವಿರಲಿಲ್ಲ.

*

ಅದೊಂದು ಮಂಗಳವಾರ. ಬೆಳಿಗ್ಗೆ ಹತ್ತು ಐವತ್ತೊಂದು.

ಗೋಡೆಯ ಪರದೆಗಳೆಲ್ಲ ಒಮ್ಮೆಲೇ ಕೆಂಪಾದವು!

ಊರಿನ ದಕ್ಷಿಣ ಭಾಗ ಪೂರ್ತಿ ಮೂಕವಾಯಿತು. ಒಂದು ಕರೆಯಿಲ್ಲ, ಒಂದು ಮೆಸೇಜಿಲ್ಲ. ಅಲ್ಲಿನ ಆಸ್ಪತ್ರೆಗೆ ಫೋನ್ ಹೋಗುತ್ತಿಲ್ಲ ಅಂತ ಉತ್ತರ ಭಾಗದವರು ಕೂಗಾಡತೊಡಗಿದರು. ನಲವತ್ತು ನಿಮಿಷ! ಅವಳ ಬದುಕಿನ ಅತಿ ಉದ್ದದ ನಲವತ್ತು ನಿಮಿಷ.

ಮಾತು ಮರಳಿ ಬಂದ ಮೇಲೆ ಶುರುವಾಯಿತು ನಿಜವಾದ ಗದ್ದಲ.

"ನಮ್ಮದಲ್ಲ, ನೀಲಿಯವರದು," ಅಂದರು ಬೂದಿಯವರು.

"ನಮ್ಮದಂತೂ ಅಲ್ಲವೇ ಅಲ್ಲ," ಅಂದರು ಹಸಿರಿನವರು, ಯಾರೂ ಕೇಳದಿದ್ದರೂ.

ದೊಡ್ಡವರು ಅವಳನ್ನು ಕರೆದರು. "ಅಲಾರಂ, ಮೂರೂ ಕಂಪನಿ ಪೆಟ್ಟಿಗೆಗಳ ದಿನಚರಿ ತೆಗಿ. ಯಾವ ನಿಮಿಷದಲ್ಲಿ ಏನಾಯ್ತು ಅಂತ ಒಂದೇ ಹಾಳೆಯಲ್ಲಿ ಸಾಲಾಗಿ ಬರಿ. ಎರಡು ಗಂಟೆಗೆ ಮೀಟಿಂಗ್."

ಪೆಟ್ಟಿಗೆಗಳು ತಮಗಾದದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಟ್ಟುಕೊಳ್ಳುತ್ತವೆ. ಅವಳು ಒಂದೊಂದನ್ನೇ ಸಾಲಿಗೆ ಜೋಡಿಸುತ್ತ ಹೋದಳು. ಬೂದಿ ಪೆಟ್ಟಿಗೆ: ಹತ್ತು ಐವತ್ತೊಂದಕ್ಕೆ ಸಂಪರ್ಕ ಬಿತ್ತು. ಅದಕ್ಕಿಂತ ಮೊದಲು ಏನಾಗಿತ್ತು?

ನೀಲಿ ಪೆಟ್ಟಿಗೆ: ಹತ್ತು ನಲವತ್ತೆರಡಕ್ಕೆ ಕರೆಗಳು ಹೋಗುವ ದಾರಿ ಬದಲಾವಣೆ. ಬದಲಾಯಿಸಿದವರು...

ಅವಳು ಆ ಸಾಲನ್ನು ಎರಡು ಸಲ ಓದಿದಳು.

ಅವನ ಗುರುತು!

'ಬೀಳೋದಕ್ಕೆ ಒಂಬತ್ತು ನಿಮಿಷ ಮುಂಚೆ ಇವನು ಕೈ ಹಾಕಿದ್ದಾನೆ... ಅನುಮತಿ ಇಲ್ಲದೆ, ನನಗೊಂದು ಮಾತು ಹೇಳದೆ! ಬೆಳಿಗ್ಗೆ ಒಂಬತ್ತಕ್ಕೆ ಇಲ್ಲೇ ನಿಂತು ಟೀ ಕುಡಿದನಲ್ಲ. ನಗ್ತಾ ಇದ್ದನಲ್ಲ!'

ಕಣ್ಣು ಮಂಜಾಯಿತು. ಫೋನ್ ಕೈಗೆತ್ತಿಕೊಂಡಳು. ಅವನ ಹೆಸರಿನ ತನಕ ಬೆರಳು ಹೋಯಿತು. ಕೇಳಬೇಕಿತ್ತು... ಒಂದೇ ಒಂದು ಮಾತು.

ಕೇಳಲಿಲ್ಲ. ಸಿಟ್ಟು ಮೊದಲು ಬಂತು. ಹಾಳೆ ಪ್ರಿಂಟಾಯಿತು.

*

ಮೀಟಿಂಗಿನಲ್ಲಿ ಅವಳ ಹಾಳೆ ಗೋಡೆಯ ಮೇಲೆ ಮೂಡಿದಾಗ ನೀಲಿ ಕುರ್ಚಿಯಿಂದ ಅರ್ಧ ಎದ್ದ.

"ಇಲ್ಲ ಸರ್! ಸಂಪರ್ಕ ಬಿದ್ದ ಮೇಲೆ ನಾನು ಕೈ ಹಾಕಿದ್ದು. ಬೇರೆ ದಾರಿಗೆ ಮಾತು ತಿರುಗಿಸೋಕೆ ನೋಡಿದೆ, ಅಷ್ಟೇ."

"ನಿಮ್ಮದೇ ಪೆಟ್ಟಿಗೆ ಬೇರೆ ಹೇಳ್ತಿದೆಯಲ್ಲ?" ದೊಡ್ಡವರ ದನಿ ಗಡುಸಾಗಿತ್ತು.

ನೀಲಿ ಅವಳತ್ತ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ... ಬರೀ ಆಘಾತ. 'ನೀವಾ? ಒಂದು ಮಾತು ಕೇಳಲಿಲ್ವಾ?' ಅಂದಂತಿತ್ತು.

"ಒಂದು ಗಂಟೆ ಕೊಡಿ ಸರ್. ತೋರಿಸ್ತೀನಿ."

ಆ ಒಂದು ಗಂಟೆ ಅವಳು ಯಾವ ದೇವರಿಗೆ ಹರಕೆ ಹೊರಲಿಲ್ಲ ಹೇಳಿ! 'ನನ್ನ ಹಾಳೆ ತಪ್ಪಾಗಿರಲಿ. ಅವನೇ ಸರಿಯಾಗಿರಲಿ. ಎಲ್ಲರ ಮುಂದೆ ನನ್ನನ್ನ ಬೈದರೂ ಬೈಯಲಿ...'

ಅವನು ಮರಳಿ ಬಂದ. ಮುಖ ಬಿಳಿಚಿಕೊಂಡಿತ್ತು. ಲ್ಯಾಪ್‌ಟಾಪ್ ಮುಚ್ಚಿ ಮೇಜಿನ ಮೇಲಿಟ್ಟ.

"ಹೇಳೋಕೆ ಏನೂ ಇಲ್ಲ ಸರ್."

ದೊಡ್ಡವರು ಹಾಳೆಯ ಮೇಲೆ ಏನೋ ಗುರುತು ಹಾಕಿಕೊಂಡರು.

ಅವಳಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಹಾಗಾದರೆ ನಿಜವಾ? ತಪ್ಪು ಮಾಡಿ, ಎಲ್ಲರ ಮುಂದೆ ಸುಳ್ಳೂ ಹೇಳಿದನಾ? ಇವನ ಜೊತೆಗಾ ನಾನು ಮೂರು ತಿಂಗಳು ಡಬ್ಬಿ ಹಂಚಿಕೊಂಡದ್ದು?

ಮಾರನೆಯ ದಿನವೇ ಅವನನ್ನು ಅಲ್ಲಿಂದ ತೆಗೆದರು. ಮೂರು ಗಂಟೆ ಬಸ್ಸಿನ ದಾರಿಯ ಒಂದು ಸಣ್ಣ ಊರಿನಲ್ಲಿ, ಮುಚ್ಚಿಹೋದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಪೆಟ್ಟಿಗೆಗಳನ್ನು ಬಿಚ್ಚಿ ಕಟ್ಟುವ ಕೆಲಸಕ್ಕೆ ಹಾಕಿದರು.

ಹೋಗುವಾಗ ಅವಳ ಮೇಜಿನ ಮುಂದೆ ಒಂದು ಕ್ಷಣ ನಿಂತ. ಅವಳು ತಲೆ ಎತ್ತಲಿಲ್ಲ.

"ಬರ್ತೀನಿ ಅಲಾರಂ. ಊಟ ಬಿಡಬೇಡಿ."

ಅಷ್ಟೇ.

*

ಮೂರು ವಾರ ಕಳೆಯಿತು. ಅವಳ ಡಬ್ಬಿ ದಿನಾ ಅರ್ಧ ತುಂಬಿಯೇ ಮನೆಗೆ ಮರಳುತ್ತಿತ್ತು. ಅಮ್ಮ ನೋಡಿದಳು, ಏನೂ ಕೇಳಲಿಲ್ಲ. ಅಜ್ಜಿ ನೋಡಿದಳು, "ಯಾರೇ ಅವನು?" ಅಂತ ನೇರವಾಗಿ ಕೇಳಿದಳು. ಇವಳು ಬಾಗಿಲು ಹಾಕಿಕೊಂಡಳು.

ಒಂದು ಭಾನುವಾರ ಬೆಳಿಗ್ಗೆ ಮನೆಯಲ್ಲಿ ಜೋರು ಜಗಳ. ಮಾಳಿಗೆಯ ಟ್ಯಾಂಕು ತುಂಬಿ ಹರಿದು ಪಕ್ಕದ ಮನೆಯ ಅಂಗಳವೆಲ್ಲ ಕೆರೆಯಾಗಿತ್ತು.

"ಪಂಪು ಹಾಕಿ ಮರೆತವಳು ನೀನೇ!" ಅಂದಳು ಅಜ್ಜಿ, ಅಮ್ಮನಿಗೆ. "ನೀರು ಹರಿದಾಗ ಎಂಟು ಗಂಟೆ. ನೀನು ಮನೇಲೇ ಇದ್ದೆ."

"ಅತ್ತೆ, ನಾನು ಚಪ್ಪಲಿ ಹಾಕ್ಕೊಂಡು ಅಂಗಡಿಗೆ ಹೊರಟಾಗ ಗಡಿಯಾರ ನೋಡೇ ಹೊರಟಿದ್ದು! ಎಂಟೂ ಹತ್ತಾಗಿತ್ತು. ಆಗ ಒಂದು ಹನಿ ನೀರೂ ಬಿದ್ದಿರಲಿಲ್ಲ. ಹರಿದದ್ದು ನಾನು ಹೋದ ಮೇಲೆ."

"ಎಂಟಕ್ಕೇ ಹರಿದದ್ದು ನಾನು ಕಣ್ಣಾರೆ ನೋಡಿದ್ದೀನಿ ಕಣೇ!"

"ಯಾವ ಗಡಿಯಾರದಲ್ಲಿ ನೋಡಿದ್ರಿ?"

"ಹಜಾರದ್ದು. ನೀನು?"

"ಅಡುಗೆಮನೇದು."

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಗತೊಡಗಿದಳು. "ಅಯ್ಯೋ ನನ್ನ ಕರ್ಮವೇ! ಆ ಅಡುಗೆಮನೆ ಗಡಿಯಾರ ಕಾಲು ಗಂಟೆ ಮುಂದಿದೆಯಲ್ಲೇ! ಈ ಹುಡುಗಿ ಆಫೀಸಿಗೆ ತಡ ಮಾಡ್ತಾಳೆ ಅಂತ ನಾನೇ ಮುಂದಿಟ್ಟಿದ್ದು. ನೀನು ಹೊರಟಾಗ ಎಂಟಕ್ಕೆ ಇನ್ನೂ ಐದು ನಿಮಿಷ ಇತ್ತು. ಹಾಗಾದ್ರೆ ನೀನೂ ಸುಳ್ಳು ಹೇಳಿಲ್ಲ, ನಾನೂ ಹೇಳಿಲ್ಲ. ಎರಡು ಗಡಿಯಾರ ನೋಡಿ ಒಂದೇ ಜಗಳ ಆಡಿದ್ವಿ ನೋಡು!"

ಅವಳ ಕೈಯಲ್ಲಿದ್ದ ಟೀ ಲೋಟ ನೆಲಕ್ಕೆ ಬಿತ್ತು.

"ಏನಾಯ್ತೇ?" ಅಮ್ಮ ಓಡಿ ಬಂದಳು.

ಅವಳಿಗೆ ಕೇಳಿಸಲಿಲ್ಲ. ತಲೆಯೊಳಗೆ ಒಂದೇ ಮಾತು. ಎರಡು ಗಡಿಯಾರ... ಎರಡು ಗಡಿಯಾರ!

ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಓಡಿದಳು.

*

ರಜೆಯ ದಿನ. ಆಫೀಸಿನ ಬಾಗಿಲಲ್ಲಿ ಕಾವಲಿಗೆ ಇಬ್ಬರಿದ್ದರು ಅಷ್ಟೇ. ಅವಳು ಪರದೆಯ ಮೇಲೆ ನೀಲಿ ಪೆಟ್ಟಿಗೆಯನ್ನು ತೆರೆದು, ಅದರ ಗಡಿಯಾರವನ್ನು ನೋಡಿದಳು.

ಗೋಡೆಯ ಗಡಿಯಾರದಲ್ಲಿ ಒಂಬತ್ತು ನಲವತ್ತು. ಪೆಟ್ಟಿಗೆಯಲ್ಲಿ ಒಂಬತ್ತೂ ಹದಿನೇಳು!

ಈಗ ಇಪ್ಪತ್ಮೂರು ನಿಮಿಷ ಹಿಂದಿದೆ. ದಿನಕ್ಕಿಷ್ಟು ಅಂತ ಹಿಂದೆ ಬೀಳುತ್ತಲೇ ಇದೆ. ಮೂರು ವಾರದ ಲೆಕ್ಕ ಕಳೆದರೆ... ಆ ಮಂಗಳವಾರ ಹದಿನೇಳು ನಿಮಿಷ ಹಿಂದಿತ್ತು. ಪೆಟ್ಟಿಗೆಯ ಹತ್ತು ನಲವತ್ತೆರಡು ಅಂದರೆ ನಿಜಕ್ಕೂ ಹತ್ತು ಐವತ್ತೊಂಬತ್ತು!

ಸಂಪರ್ಕ ಬಿದ್ದ ಎಂಟು ನಿಮಿಷದ ಮೇಲೆ. ಅವನು ಹೇಳಿದ ಒಂದೊಂದು ಅಕ್ಷರವೂ ನಿಜ!

'ಹಾಗಿದ್ರೆ ಗಡಿಯಾರ ತಪ್ಪಿದೆ ಅಂತ ಪೆಟ್ಟಿಗೆ ಕೂಗಿಕೊಳ್ಳಬೇಕಿತ್ತಲ್ಲ? ನನ್ನ ಪರದೆಗೆ ಯಾಕೆ ಬರಲಿಲ್ಲ?'

ಬಾಯಿ ಮುಚ್ಚಿಸಿದ ಅಲಾರಂಗಳ ಪಟ್ಟಿ ತೆರೆದಳು. ಕೆಳಗಿನಿಂದ ನಾಲ್ಕನೆಯ ಸಾಲು.

'ನೀಲಿ ಪೆಟ್ಟಿಗೆ. ಸಮಯ ಹೊಂದಾಣಿಕೆ ತಪ್ಪಿದೆ. ಮುಚ್ಚಿಸಿದವರು...'

ಅವಳದೇ ಗುರುತು!

ನೆನಪಾಯಿತು... ಎರಡೂವರೆ ತಿಂಗಳ ಹಿಂದಿನ ಒಂದು ಬೆಳಿಗ್ಗೆ. ಪೆಟ್ಟಿಗೆಗಳಿಗೆಲ್ಲ ಸಮಯ ಹೇಳಿಕೊಡುವ ಯಂತ್ರ ಹಸಿರಿನವರದು. ಯಾವುದೋ ಬದಲಾವಣೆಯಾದ ಮೇಲೆ ಅದಕ್ಕೂ ಈ ನೀಲಿಗೂ ಮಾತು ಬಿಟ್ಟುಹೋಗಿತ್ತು. ದಿನಕ್ಕೆ ಮುನ್ನೂರು ಸಲ ಅದೇ ಅಲಾರಂ. 'ಥತ್, ಸಣ್ಣದಕ್ಕೆಲ್ಲ ಕೂಗುತ್ತೆ' ಅಂತ ಒಂದೇ ಗುಂಡಿ ಒತ್ತಿ ಬಾಯಿ ಮುಚ್ಚಿಸಿದ್ದಳು. ನಾಳೆ ಬರೆದುಕೊಟ್ಟರಾಯಿತು ಅಂದುಕೊಂಡವಳು ಮರೆತೇಬಿಟ್ಟಿದ್ದಳು.

ತಲೆಯೆತ್ತಿದಳು. ಎದುರಿನ ಗೋಡೆಯ ಮೇಲೆ ದೊಡ್ಡವರೇ ಬರೆಸಿ ಹಾಕಿದ್ದ ಕೆಂಪು ಅಕ್ಷರಗಳು: 'ಅನುಮತಿ ಇಲ್ಲದೆ ಅಲಾರಂ ಮುಚ್ಚಿದವರಿಗೆ ಇಲ್ಲಿ ಕೆಲಸವಿಲ್ಲ.'

ಆ ಪಟ್ಟಿಯನ್ನು ಕೊನೆಯ ಸಲ ತೆರೆದು ನೋಡಿದವರು ಯಾರು ಅಂತಲೂ ಅಲ್ಲೇ ದಾಖಲಾಗಿತ್ತು. ಆ ಮಂಗಳವಾರ, ಮಧ್ಯಾಹ್ನ ಮೂರೂ ಇಪ್ಪತ್ತು. ನೀಲಿ.

ಅವನು ನೋಡಿದ್ದ! ಎಲ್ಲ ಗೊತ್ತಾಗಿಯೇ ಲ್ಯಾಪ್‌ಟಾಪ್ ಮುಚ್ಚಿದ್ದ. ನನ್ನ ಕೆಲಸ ಉಳಿಸಲು...

ಖಾಲಿ ಕೋಣೆಯಲ್ಲಿ ಅವಳು ಬಿಕ್ಕಿಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಬಂದದ್ದು ಕೆಂಡದಂಥ ಕೋಪ. 'ಯಾರು ಹೇಳಿದ್ದು ಇವನಿಗೆ ನನ್ನನ್ನ ಉಳಿಸು ಅಂತ?'

*

ಸೋಮವಾರ ಹತ್ತು ಗಂಟೆ. ಅದೇ ಕೋಣೆ, ಅದೇ ಮೇಜು, ಅದೇ ಜನ.

"ಸರ್, ನನ್ನ ಹಾಳೆ ತಪ್ಪು," ಅಂದಳು. ಹೊಸ ಹಾಳೆ ಗೋಡೆಯ ಮೇಲೆ ಬಂತು. ಗಡಿಯಾರ, ಹದಿನೇಳು ನಿಮಿಷ, ಬಾಯಿ ಮುಚ್ಚಿಸಿದ ಪಟ್ಟಿ, ತನ್ನ ಗುರುತು... ಒಂದನ್ನೂ ಬಿಡಲಿಲ್ಲ. "ಮೊದಲು ಬಿದ್ದದ್ದು ಬೂದಿ ಪೆಟ್ಟಿಗೆ. ನೀಲಿ ಸರ್ ಅದನ್ನ ಎತ್ತೋಕೆ ನೋಡಿದವರು. ಗಡಿಯಾರದ ಅಲಾರಂ ಮುಚ್ಚಿಸಿದ್ದು ನಾನು. ಅವರನ್ನ ಒಂದು ಮಾತು ಕೇಳದೆ ಹಾಳೆ ಬರೆದದ್ದೂ ನಾನು."

ಬೂದಿಯವರ ಮುಖ ನಿಜಕ್ಕೂ ಬೂದಿಯಾಯಿತು.

ದೊಡ್ಡವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳು ಕೆಂಪು ಅಕ್ಷರಗಳನ್ನೇ ನೆನೆಯುತ್ತ ನಿಂತಿದ್ದಳು.

"ಪಾಳಿ ಮುಖ್ಯಸ್ಥರ ಪಟ್ಟಿಯಲ್ಲಿ ನಿನ್ನ ಹೆಸರಿತ್ತು," ಅಂದರು ಕೊನೆಗೆ. "ತೆಗೀತೀನಿ. ಒಂದು ವರ್ಷ ಆ ಮಾತೇ ಬೇಡ."

"ಸರಿ ಸರ್... ಕೆಲಸ?"

"ಕೆಲಸ ಇರಲಿ. ಇಪ್ಪತ್ತಾರು ವರ್ಷದಿಂದ ಈ ಕೋಣೇಲಿ ಇದ್ದೀನಮ್ಮ. ತನ್ನ ತಪ್ಪಿಗೆ ತಾನೇ ಕೂಗಿಕೊಂಡ ಅಲಾರಂ ಇದುವರೆಗೂ ನೋಡಿರಲಿಲ್ಲ." ಕನ್ನಡಕ ಹಾಕಿಕೊಂಡರು. "ಆ ನೀಲಿಗೆ ಫೋನ್ ಮಾಡಿ ನಾನೇ ಕ್ಷಮೆ ಕೇಳ್ತೀನಿ."

"ಬೇಡ ಸರ್. ಮೊದಲು ನಾನು ಹೋಗಿ ಕೇಳ್ತೀನಿ. ಇವತ್ತು ಅರ್ಧ ದಿನ ರಜೆ ಕೊಡಿ."

*

ಹಳೆಯ ಎಕ್ಸ್‌ಚೇಂಜಿನ ಬಾಗಿಲು ತೆರೆದೇ ಇತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು, ಧೂಳು ಹಿಡಿದ ಕಪಾಟುಗಳ ಮೇಲೆ ಬಿದ್ದಿತ್ತು. ನೆಲದ ಮೇಲೆ ಕೂತು ಅವನು ತಿರುಪು ಬಿಚ್ಚುತ್ತಿದ್ದ.

"ಮುಟ್ಟಬೇಡಿ ಅದನ್ನ!"

ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು. ತಿರುಗಿ ನೋಡಿದ. ಕಣ್ಣನ್ನೇ ನಂಬಲಾಗಲಿಲ್ಲ ಅವನಿಗೆ.

"ಅಲಾರಂ? ನೀವು... ಇಲ್ಲಿ?"

"ಎದ್ದು ನಿಂತ್ಕೊಳ್ಳಿ. ಬೈಬೇಕು ನಿಮ್ಮನ್ನ."

"ಮೊದಲು ಕೇಳಿ, ಆಮೇಲೆ..."

"ಕೇಳೋದೇನು! ಎಲ್ಲ ನೋಡಿದೆ. ಆ ಪಟ್ಟಿ, ನಿಮ್ಮ ಮೂರೂ ಇಪ್ಪತ್ತು, ಎಲ್ಲ! ಯಾರು ಕೇಳಿದ್ರು ನಿಮ್ಮ ತ್ಯಾಗಾನ? ನಾನೇನು ಚಿಕ್ಕ ಮಗುವಾ? ನನ್ನ ತಪ್ಪು ನನಗೆ ಹೇಳಬಾರದಿತ್ತಾ? ನೀವು ಸುಮ್ಮನಾದದ್ದಕ್ಕೆ ಆ ಬೂದಿ ಪೆಟ್ಟಿಗೆ ಹಾಗೇ ಕೆಟ್ಟು ಕೂತಿತ್ತು! ಇನ್ನೊಂದು ಸಲ ಬಿದ್ದಿದ್ರೆ? ಆಸ್ಪತ್ರೆಗೆ ಫೋನ್ ಹೋಗದೆ ಯಾರಿಗಾದ್ರೂ ಏನಾದ್ರೂ ಆಗಿದ್ರೆ?"

"ಬೀಳ್ತಿರಲಿಲ್ಲ."

"ಹೇಗೆ?"

ಅವನು ಕಿವಿ ತುರಿಸಿಕೊಂಡ. "ಬೂದಿಯವರ ಇಂಜಿನಿಯರ್‌ಗೆ ದಿನಾ ಬೆಳಿಗ್ಗೆ ಏಳಕ್ಕೆ ಫೋನ್ ಮಾಡ್ತಿದ್ದೆ. 'ನಿಮ್ಮ ಪೆಟ್ಟಿಗೆಯ ವಿದ್ಯುತ್ ಕಾರ್ಡು ಸರಿಯಿಲ್ಲ, ಬದಲಾಯಿಸು' ಅಂತ. ಒಂಬತ್ತು ದಿನ ಬೈದ. ಹತ್ತನೇ ದಿನ, ನನ್ನ ಕಾಟ ತಡೀಲಾರದೆ ಬದಲಾಯಿಸಿದ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಇವತ್ತು ಬೆಳಿಗ್ಗೆ ಮೀಟಿಂಗಿನಲ್ಲಿ ಎಲ್ಲ ಹೇಳಿಬಿಟ್ಟೆ," ಅಂದಳು ಮೆಲ್ಲಗೆ. "ಅಲ್ಲಿಂದ ನೇರ ಬಸ್ಸು ಹತ್ತಿದ್ದು."

ಅವನ ಮುಖದ ಬಣ್ಣ ಹಾರಿತು. "ಹೇಳಿಬಿಟ್ರಾ! ನಿಮ್ಮ ಕೆಲಸ?"

"ಇದೆ. ಬಡ್ತಿ ಹೋಯ್ತು. ಹೋಗಲಿ ಬಿಡಿ."

ಅವನು ಗೋಡೆಗೊರಗಿದ. "ತಪ್ಪು ನಂದೂ ಇದೆ ಅಲಾರಂ. ನಿಮ್ಮ ಕೆಲಸ ಉಳಿಸ್ಬೇಕು ಅಂತ ಸುಮ್ಮನಾದೆ, ನಿಜ. ಆದ್ರೆ... ಸಂಕಟಾನೂ ಇತ್ತು. ಇಷ್ಟು ದಿನ ಎದುರು ಕೂತು ಉಂಡವಳು ನನ್ನನ್ನ ಒಂದು ಮಾತು ಕೇಳಲಿಲ್ವಲ್ಲ ಅಂತ. ಕೇಳದವಳಿಗೆ ನಾನ್ಯಾಕೆ ಹೇಳ್ಲಿ ಅಂತ ಹಟ ಮಾಡಿದೆ."

ಆ ಮಾತು ಅವಳಿಗೆ ನೇರವಾಗಿ ನಾಟಿತು. ಎರಡು ಹೆಜ್ಜೆ ಮುಂದೆ ಬಂದಳು.

"ಆವತ್ತು ಫೋನ್ ಕೈಲಿತ್ತು. ನಿಮ್ಮ ಹೆಸರಿನ ತನಕ ಬೆರಳೂ ಬಂದಿತ್ತು. ಕೇಳಲಿಲ್ಲ. ಇನ್ನು ಯಾವತ್ತೂ ಹಾಗೆ ಮಾಡಲ್ಲ."

ಅವನು ಬಗ್ಗಿ, ತನ್ನ ಉಪಕರಣದ ಪೆಟ್ಟಿಗೆಯ ಮುಚ್ಚಳ ತೆರೆದ. ತಿರುಪುಗಳ ನಡುವೆ, ಒಂದು ಪುಟ್ಟ ಡಬ್ಬಿಯಲ್ಲಿ, ಹತ್ತಿಯ ಮೇಲೆ... ಕಂದು ಬಣ್ಣದ ಕ್ಲಿಪ್!

"ಇದು... ಇದಿನ್ನೂ ಇದೆಯಾ?"

"ಕೇಬಲ್ಲಿಗೆ ಹೊಸ ಕೊಂಡಿ ಹಾಕಿದ ದಿನವೇ ವಾಪಸ್ ಕೊಡಬೇಕಿತ್ತು. ಕೊಟ್ಟರೆ ನಿಮ್ಮ ಮೇಜಿಗೆ ಬರೋಕೆ ನೆಪ ಇರಲ್ಲ ಅಂತ ಇಟ್ಕೊಂಡೆ."

ಅವಳ ಕಣ್ಣು ತುಂಬಿ ಬಂತು. ಆ ಕ್ಲಿಪ್ಪನ್ನು ಮುಟ್ಟದೆ ಅವನನ್ನೇ ನೋಡಿದಳು.

"ಒಂದು ಮಾತು ಕೇಳಬೇಕು. ಕೇಳಲಾ?"

"ಕೇಳಿ."

"ನಾನು ಮಧ್ಯಾಹ್ನ ಒಂದು ಗಂಟೆ ಆಗೋದನ್ನೇ ಕಾಯ್ತಿದ್ದೆ. ದಿನಾ. ನೀವು ಬರ್ತೀರಿ ಅಂತ. ನಿಮಗೂ... ಹಾಗೇ ಇತ್ತಾ?"

ಅವನು ಧೂಳು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳ ಹಣೆಯ ಮೇಲೆ ಹಾರುತ್ತಿದ್ದ ಕೂದಲನ್ನು ಹಿಂದೆ ಸರಿಸಿ, ಕ್ಲಿಪ್ ಸಿಕ್ಕಿಸಿದ. ಆವತ್ತು ಕೇಬಲ್ಲಿಗೆ ಸಿಕ್ಕಿಸಿದಷ್ಟೇ ಜೋಪಾನವಾಗಿ ಬೆರಳು ಬಿಟ್ಟ.

"ನನ್ನದು ಹನ್ನೆರಡೂಮುಕ್ಕಾಲಿಗೇ ಶುರುವಾಗ್ತಿತ್ತು."

"ಮತ್ಯಾಕೆ ಒಂದಕ್ಕೆ ಬರ್ತಿದ್ದೆ?" ಬಹುವಚನ ಯಾವಾಗ ಜಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ.

"ನಿನ್ನ ಗಡಿಯಾರದ ಪ್ರಕಾರ ಬರೋಣ ಅಂತ."

ಅವಳು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಆಮೇಲೆ ಚೀಲದಿಂದ ಡಬ್ಬಿ ತೆಗೆದು ಧೂಳಿನ ಕಪಾಟಿನ ಮೇಲಿಟ್ಟಳು. ಇವತ್ತಿನದು ಪೂರ್ತಿ ತುಂಬಿತ್ತು.

"ಊಟ ಆಯ್ತಾ?"

"ಇಲ್ಲ."

"ನೋಡು, ಮೊದಲು ಕೇಳಿದೆ. ಈಗ ಬೈಯಲಾ?"

"ಬೈ," ಅಂದ ಅವನು, ಅವಳ ಪಕ್ಕದಲ್ಲಿ ಜಾಗ ಒರೆಸುತ್ತಾ. "ನಿಧಾನವಾಗಿ ಕೂತು ಬೈ. ಕಡೇ ಬಸ್ಸಿಗೆ ಇನ್ನೂ ಹೊತ್ತಿದೆ."